ಕೀಟದ ಚಿತ್ರ ಮಸುಕಾಗುವುದೇಕೆ?

ಪ್ರಶ್ನೆ: ಮೊಬೈಲಿಗೆ ಸಿಕ್ಕಿಸುವ 15 ಎಕ್ಸ್ ಮ್ಯಾಕ್ರೋ ಲೆನ್ಸ್ ಕೊಂಡು ಕೀಟಗಳ ಫೋಟೋ ತೆಗೆಯುವ ಹವ್ಯಾಸ ಆರಂಭಿಸಿದ್ದೇನೆ. ಹತ್ತಿರ ಹೋಗುವಷ್ಟರಲ್ಲಿ ಕೀಟ ಹಾರಿಹೋಗುತ್ತದೆ. ಕುಳಿತಿದ್ದರೂ ಚಿತ್ರ ಮಸುಕಾಗುತ್ತದೆ. ಕೀಟವನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಅಲುಗಾಡುವುದಿಲ್ಲ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಫ್ರಿಜ್‌ನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಚಳಿಗೆ ಮರಗಟ್ಟಿದ ಕೀಟವು ಹೊರಗೆ ಬಿಟ್ಟ ಮೇಲೂ ಮೈ ಬಿಸಿಯಾಗುವವರೆಗೆ ಇರುವೆಯಿಂದಲೋ ಹಕ್ಕಿಯಿಂದಲೋ ತಪ್ಪಿಸಿಕೊಳ್ಳಲಾರದು. ಕಾಲು ಮಡಚಿಕೊಂಡ ಅದರ ಭಂಗಿಯೂ ಸಹಜವಾಗಿರುವುದಿಲ್ಲ. ನಿಮಗೆ ಬೇಕಾದ ನಿಶ್ಚಲತೆ ಮುಂಜಾವಿನಲ್ಲಿ ತಾನಾಗಿಯೇ ಸಿಗುತ್ತದೆ. ಬಹುತೇಕ ಕೀಟಗಳು ಮೈಯ ಶಾಖಕ್ಕೆ ಹೊರಗಿನ ಬಿಸಿಯನ್ನೇ ನಂಬಿರುವುದರಿಂದ, ಹುಲ್ಲಿನ ಕಡ್ಡಿಯ ಮೇಲೆ ರಾತ್ರಿ ಕಳೆದ ಏರೋಪ್ಲೇನ್ ಚಿಟ್ಟೆ ಬಿಸಿಲೇರುವವರೆಗೆ ಬಹುಮಟ್ಟಿಗೆ ಅಲುಗದೆ ಕುಳಿತಿರುತ್ತದೆ. ಆಮೇಲೆ ಅದು ಮುಂಗಾಲುಗಳಿಂದ ಕಣ್ಣು ಒರೆಸಿಕೊಳ್ಳುವುದನ್ನೂ, ರೆಕ್ಕೆ ನಡುಗಿಸಿ ಎದೆಯ ಸ್ನಾಯುಗಳನ್ನು ಕಾಯಿಸಿಕೊಳ್ಳುವುದನ್ನೂ ನೀವು ನೋಡಬಹುದು. ನಡುಕ ಶುರುವಾಯಿತೆಂದರೆ ಹಾರಲು ಹೆಚ್ಚು ಹೊತ್ತಿಲ್ಲವೆಂದು ತಿಳಿಯಿರಿ.

ಮಸುಕಿಗೆ ಮುಖ್ಯ ಕಾರಣ ನಿಮ್ಮ ಲೆನ್ಸಿನ ಅತಿಯಾದ ಶಕ್ತಿ ಎಂದು ನನಗೆ ತೋರುತ್ತದೆ. 15 ಎಕ್ಸ್ ಎಂದು ನಮೂದಿಸಿದ ಲೆನ್ಸು ವಸ್ತುವಿನಿಂದ ಎರಡು ಸೆಂಟಿಮೀಟರಿಗೂ ಕಡಿಮೆ ದೂರದಲ್ಲಿದ್ದಾಗ ಮಾತ್ರ ಫೋಕಸ್ ಆಗುತ್ತದೆ. ಅಷ್ಟು ಹತ್ತಿರದಲ್ಲಿ ಫೋನಿನ ನೆರಳೇ ಕೀಟದ ಮೇಲೆ ಬೀಳುತ್ತದೆ, ಬೆಳಕು ಕಡಿಮೆಯಾಗಿ ಶಟರ್ ನಿಧಾನವಾಗುತ್ತದೆ, ಕೈಯ ಸಣ್ಣ ಅಲುಗಾಟವೂ ಚಿತ್ರದಲ್ಲಿ ಕಾಣಿಸುತ್ತದೆ. ಮೇಲಾಗಿ ಸ್ಪಷ್ಟವಾಗಿ ಮೂಡುವ ಪದರದ ದಪ್ಪ ಒಂದು ಮಿಲಿಮೀಟರಿನಷ್ಟೂ ಇರುವುದಿಲ್ಲವಾದ್ದರಿಂದ ಕಣ್ಣು ಸರಿಯಾಗಿ ಬಂದರೆ ಮೀಸೆ ಮಂಜಾಗುತ್ತದೆ. ಇದಕ್ಕಿಂತ ಕಡಿಮೆ ಶಕ್ತಿಯ, 10 ಡಯಾಪ್ಟರ್ (ಲೆನ್ಸಿನ ಶಕ್ತಿಯ ಇನ್ನೊಂದು ಅಳತೆ) ಲೆನ್ಸಾದರೆ ಸುಮಾರು 10 ಸೆಂಟಿಮೀಟರ್ ದೂರದಿಂದಲೇ ತೆಗೆಯಬಹುದು. ಕೀಟ ಚಿತ್ರದಲ್ಲಿ ಚಿಕ್ಕದಾಗಿ ಕಂಡರೂ ಪರವಾಗಿಲ್ಲ, ಸ್ಪಷ್ಟವಾಗಿರುವ ಚಿತ್ರವನ್ನು ಆಮೇಲೆ ಕತ್ತರಿಸಿಕೊಳ್ಳಬಹುದು.

ತೆಗೆಯುವಾಗ ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಬರ್ಸ್ಟ್‌ನಲ್ಲಿ, ಅಂದರೆ ಬಿಡುವಿಲ್ಲದೆ ಒಂದರ ಹಿಂದೊಂದರಂತೆ, ಹಲವು ಚಿತ್ರಗಳನ್ನು ತೆಗೆಯಿರಿ. ಅವುಗಳಲ್ಲಿ ಕಣ್ಣು ಸ್ಪಷ್ಟವಾಗಿರುವುದನ್ನು ಉಳಿಸಿಕೊಳ್ಳಿ. ರೆಕ್ಕೆ ಮಡಚಿ ಕುಳಿತ ಚಿಟ್ಟೆಗೆ ಫೋನನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿದರೆ ರೆಕ್ಕೆಯ ಇಡೀ ಚಿತ್ತಾರ ಒಂದೇ ಪದರದಲ್ಲಿ ಸಿಗುತ್ತದೆ. ಬಿಸಿಲು ತೀಕ್ಷ್ಣವಾಗಿದ್ದರೆ ತೆಳುವಾದ ಬಿಳಿ ಕಾಗದವನ್ನು ಅಡ್ಡ ಹಿಡಿಯಿರಿ.

ಹಾರಿಹೋಗುವ ಸಮಸ್ಯೆಗೆ ಮದ್ದು ನಿಮ್ಮ ನಡಿಗೆಯಲ್ಲಿದೆ. ಕೀಟಗಳ ಸಂಯುಕ್ತ ಕಣ್ಣು ಚಲನೆಯನ್ನು ಬಹು ಬೇಗ ಗುರುತಿಸುತ್ತದೆ. ಆದ್ದರಿಂದ ಬಗ್ಗಿ, ನಿಧಾನವಾಗಿ, ನೆರಳು ಅದರ ಮೇಲೆ ಬೀಳದಂತೆ ಸಮೀಪಿಸಿ. ಕೈ ಪಳಗುವವರೆಗೆ ಎಳೆಯ ಚಿಗುರಿಗೆ ಮುತ್ತಿಕೊಂಡ ಸಸ್ಯಹೇನುಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ರಸ ಹೀರುತ್ತಿರುವ ಅವು ಸುಲಭವಾಗಿ ಜಾಗ ಬಿಡುವುದಿಲ್ಲ. ಅಲ್ಲಿಗೆ ಬರುವ ಇರುವೆ ಮೀಸೆಯಿಂದ ಹೇನಿನ ಬೆನ್ನು ತಟ್ಟಿ, ಅದು ಹೊರಬಿಡುವ ಸಿಹಿ ಹನಿಯನ್ನು ಹೀರುವ ಗಳಿಗೆಯೂ ಒಂದೇ ಕಡೆ ಫೋಕಸ್ ಹಿಡಿದು ಕಾದರೆ ನಿಮಗೆ ದಕ್ಕುತ್ತದೆ.