ನರ್ಸಿಂಗ್ ರಿಸರ್ಚಿಂದ ನಮ್ಮ ಕಡೆ ಬಡ ಪೇಷಂಟಿಗೆ ಏನಾದ್ರೂ ಉಪಯೋಗ ಉಂಟಾ, ಇಲ್ಲಾ ಬರೀ ಎಂಎಸ್ಸಿ ಡಿಗ್ರಿಗಾ?

ಎಷ್ಟೋ ಥೀಸಿಸ್ ಕಪಾಟಲ್ಲೇ ಧೂಳು ತಿಂತಾವೆ, ಅದು ಹೌದು. ಆದ್ರೂ ಉಪಯೋಗ ಉಂಟು. ಪೇಷಂಟಿನ ಭಾಷೆ, ಊಟ, ನಂಬಿಕೆ ಗೊತ್ತಿಲ್ದೆ ಆರೈಕೆ ಪೂರ್ತಿ ಆಗಲ್ಲ ಅಂತ ಅಮೆರಿಕದ ನರ್ಸ್ ಮೆಡಲಿನ್ ಲೈನಿಂಜರ್ 1950-60ರ ದಶಕದಲ್ಲೇ ಕೆಲಸ ಶುರು ಮಾಡಿದ್ರು, ಪಪುವಾ ನ್ಯೂಗಿನಿ ಹಳ್ಳಿಗೆ ಹೋಗಿ ಅಲ್ಲೇ ಇದ್ದು ಸ್ಟಡಿ ಮಾಡಿದ್ರು, ಟ್ರಾನ್ಸ್‌ಕಲ್ಚರಲ್ ನರ್ಸಿಂಗ್ ಅನ್ನೋದು ಅಲ್ಲಿಂದ ಬಂದಿದ್ದು.

ಈಗ ಕಾರವಾರಕ್ಕೆ ಬನ್ನಿ. ಮಾಜಾಳಿ ಕಡೆಯ ಕೊಂಕಣಿ ಅಜ್ಜಿಗೆ ಕನ್ನಡದಲ್ಲಿ ಗಡಗಡ ಮಾತ್ರೆ ವಿಷಯ ಹೇಳಿದ್ರೆ ಎಲ್ಲದಕ್ಕೂ ತಲೆ ಆಡಿಸ್ತಾಳೆ, 'ಅರ್ಥ ಆಯ್ತಾ' ಅಂದ್ರೂ ಹ್ಞೂ ಅಂತಾಳೆ. ಅದರ ಬದಲು 'ಮನೆಗೆ ಹೋಗಿ ಸೊಸೆಗೆ ಈ ಮಾತ್ರೆ ಬಗ್ಗೆ ಏನ್ ಹೇಳ್ತೀರಿ' ಅಂತ ಕೇಳಿ, ಎಲ್ಲಿ ತಪ್ತು ಅಂತ ಅಲ್ಲೇ ಗೊತ್ತಾಗುತ್ತೆ. ಇದಕ್ಕೆ ಟೀಚ್-ಬ್ಯಾಕ್ ಅಂತಾರೆ, ರಿಸರ್ಚಲ್ಲಿ ಚೆನ್ನಾಗಿ ನಿಂತ ವಿಧಾನ, ಖರ್ಚೂ ಇಲ್ಲ. ಭಟ್ಕಳದಲ್ಲಿ ಶುಗರ್ ಪೇಷಂಟಿಗೆ ರಂಜಾನ್ ಶುರುವಾಗೋ ಮುಂಚೆನೇ ಇನ್ಸುಲಿನ್ ಟೈಮ್ ಬಗ್ಗೆ ಡಾಕ್ಟರ್ ಹತ್ರ ಮಾತಾಡಿಸೋದೂ ಇದೇ ಜಾತಿ ಕೆಲಸ.

ಆದ್ರೆ ಇಷ್ಟು ಮಾತಾಡೋಕೆ ವಾರ್ಡಲ್ಲಿ ನರ್ಸ್‌ಗಳೇ ಬೇಕಲ್ಲ! 2014ರಲ್ಲಿ ಯುರೋಪಿನ 9 ದೇಶಗಳ ಸ್ಟಡಿಯಲ್ಲಿ, ಒಬ್ಬ ನರ್ಸ್ ಮೇಲೆ ಒಬ್ಬ ಪೇಷಂಟ್ ಹೆಚ್ಚಾದ್ರೆ ಆಪರೇಷನ್ ಆದವರು 30 ದಿನದೊಳಗೆ ಸಾಯೋ ಸಾಧ್ಯತೆ 7% ಜಾಸ್ತಿ ಅಂತ ಬಂತು.

ನೀವು ಟಾಪಿಕ್ ಹುಡುಕ್ತಾ ಇದ್ರೆ, ಯಲ್ಲಾಪುರ-ಹಳಿಯಾಳ ಕಡೆ ಸಿದ್ದಿ, ಗೌಳಿ ಜನರಿಗೆ ಡಿಸ್ಚಾರ್ಜ್ ಆದ್ಮೇಲೆ ಫಾಲೋಅಪ್ ಯಾಕೆ ತಪ್ಪುತ್ತೆ ಅಂತ ನೋಡಿ, ಬಸ್ ಟೈಮಿಂದಲೇ ಶುರು ಮಾಡಿ.