ಮಿಲ್ವಾಕೀಯ ಸಂತ ಜೋಸಫಾಟರ ಬೆಸಿಲಿಕಾ ಚರ್ಚನ್ನು ಹಳೆಯ ಅಂಚೆ ಕಚೇರಿಯ ಕಲ್ಲಿನಿಂದ ಕಟ್ಟಿದ್ದು ನಿಜವೇ?

ನಿಜ. ಅಮೆರಿಕದ ಮಿಲ್ವಾಕೀ ನಗರದ ದಕ್ಷಿಣ ಭಾಗದಲ್ಲಿ ನೆಲೆಸಿದ್ದ ಪೋಲಿಷ್ ವಲಸಿಗರು, ಅವರಲ್ಲಿ ಬಹುಪಾಲು ದುಡಿಮೆಗಾರರು, ಈ ಕ್ಯಾಥೊಲಿಕ್ ಧರ್ಮಕೇಂದ್ರವನ್ನು 1888ರಲ್ಲಿ ಆರಂಭಿಸಿದರು; ಮರುವರ್ಷವೇ ಮೊದಲ ಚರ್ಚ್ ಬೆಂಕಿಗೆ ಆಹುತಿಯಾಯಿತು. ಅನಂತರ ಕಟ್ಟಿಕೊಂಡ ಕಟ್ಟಡವೂ ಬೆಳೆಯುತ್ತಿದ್ದ ಭಕ್ತಸಮುದಾಯಕ್ಕೆ ಸಾಲದಾದಾಗ, ಧರ್ಮಗುರು ವಿಲ್ಹೆಲ್ಮ್ ಗ್ರುಟ್ಜಾ ಅವರು ಶಿಕಾಗೋದಲ್ಲಿ ಕೆಡವುತ್ತಿದ್ದ ಅಂಚೆ ಮತ್ತು ಸುಂಕದ ಕಚೇರಿಯ ಸಾಮಗ್ರಿಯನ್ನು 20,000 ಡಾಲರಿಗೆ ಕೊಂಡು, ಸುಮಾರು 500 ರೈಲು ವ್ಯಾಗನ್‌ಗಳಲ್ಲಿ ತರಿಸಿದರು.

ವಾಸ್ತುಶಿಲ್ಪಿ ಎರ್ಹಾರ್ಡ್ ಬ್ರೀಲ್ಮಯರ್ ಮೊದಲು ಇಟ್ಟಿಗೆಯ ಚರ್ಚಿಗೆಂದು ಬರೆದಿದ್ದ ನಕ್ಷೆಯನ್ನು ಬದಿಗಿಟ್ಟು, ಬಂದಿಳಿದ ಕಲ್ಲುಗಳನ್ನು ಅಳೆದು, ಅವುಗಳಿಗೆ ಹೊಂದುವಂತೆ ಹೊಸದನ್ನು ರಚಿಸಿದರು. ಬಹುಶಃ ಇಡೀ ಕಥೆಯಲ್ಲಿ ಅತ್ಯಂತ ಜಾಣತನದ ಕೆಲಸ ಇದೇ. ರೋಮಿನ ಸಂತ ಪೇತ್ರರ ಬೆಸಿಲಿಕಾವನ್ನು ನೆನಪಿಸುವ ಗುಮ್ಮಟ ಮೇಲೆದ್ದಿತು. ಆ ಹಳೆಯ ಕಚೇರಿಯಿಂದಲೇ ಬಂದ ಬಾಗಿಲ ಹಿಡಿಗಳನ್ನು ಹತ್ತಿರದಿಂದ ನೋಡಿದರೆ, ದೇವರ ಮನೆಯಲ್ಲಿ ಅಮೆರಿಕ ಸರ್ಕಾರದ ಖಜಾನೆ ಇಲಾಖೆಯ ಮುದ್ರೆ ಕಾಣಿಸುತ್ತದೆ!

1901ರಲ್ಲಿ ಚರ್ಚ್ ಪ್ರತಿಷ್ಠಾಪನೆಗೊಂಡಿತು. ಗ್ರುಟ್ಜಾ ಅದೇ ವರ್ಷ ತೀರಿಕೊಂಡರು. ಅಗ್ಗದ ಕಲ್ಲು ಕೊಂಡರೂ ಸಾಲ ಮಾತ್ರ ಅಗ್ಗವಾಗಲಿಲ್ಲ: ಅದರ ಹೊರೆ ತಾಳಲಾರದೆ 1910ರಲ್ಲಿ ಧರ್ಮಕೇಂದ್ರವನ್ನು ಫ್ರಾನ್ಸಿಸ್ಕನ್ ಸಂನ್ಯಾಸಿಗಳಿಗೆ ಒಪ್ಪಿಸಲಾಯಿತು. ಪೋಪ್ 11ನೆಯ ಪಿಯುಸ್ ಅವರು ಇದಕ್ಕೆ ಬೆಸಿಲಿಕಾ ಪದವಿ (ಮಹತ್ವದ ಚರ್ಚುಗಳಿಗೆ ಸಲ್ಲುವ ಗೌರವ) ನೀಡಿದ್ದು 1929ರಲ್ಲಿ.