ಮೆಲ್ಲಗಿರುವ ಹಾಡು ಮೆಲ್ಲಗೇ ಇರಲಿ

ಹೋದ ಸಂಚಿಕೆಯಲ್ಲಿ ಸ್ವೀಡನ್ನಿನ ಪಾಪ್ ತಂಡ ಅಬ್ಬಾದ ‘ದಿ ವಿಸಿಟರ್ಸ್’ ಆಲ್ಬಮ್ಮನ್ನು ಇನ್ನೊಮ್ಮೆ ಕೇಳಿ ನೋಡಿ ಅಂತ ಎರಡು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ ಇವೆ. ಬೇರೆ ಪ್ರಶ್ನೆಗಳು ಮುಂದಿನ ಸಲಕ್ಕಿರಲಿ, ಇವತ್ತು ಇದೊಂದೇ.

ಪ್ರಶ್ನೆ: ಅಕ್ಕಾ, ನಮಸ್ಕಾರ. ಕಾಲೇಜಿನಲ್ಲಿದ್ದಾಗ ‘ದಿ ವಿಸಿಟರ್ಸ್’ ಕ್ಯಾಸೆಟ್ಟನ್ನು ಹಾಕಿ ಹಾಕಿ ಸವೆಸಿದ್ದೆ. ಈಗ ಮಗ ಬೆಂಗಳೂರಿನಿಂದ ರಿಮಾಸ್ಟರ್ ಆದ ಸಿಡಿ ತಂದುಕೊಟ್ಟ. ಹಾಕಿದ ಕೂಡಲೇ ಸೌಂಡ್ ಜೋರಾಗಿ ಬಂತು, ಖುಷಿಯಾಯಿತು. ಅರ್ಧ ಮುಗಿಯುವಷ್ಟರಲ್ಲಿ ತಲೆ ಭಾರವಾಗಿ ಆಫ್ ಮಾಡಿಬಿಟ್ಟೆ. ತೊಂದರೆ ನನ್ನ ಕಿವಿಯದೋ, ಸಿಡಿಯದೋ?
(ಓದುಗರು, ಶಕ್ತಿನಗರ, ರಾಯಚೂರು)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ ಅಣ್ಣಾ. ಮೊದಲು ಸಿಡಿ ಡಬ್ಬಿಯ ಹಿಂಬದಿ ನೋಡಿ, ಯಾವ ವರ್ಷದ್ದು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಈ ಆಲ್ಬಮ್ ಬಂದದ್ದು 1981ರ ನವೆಂಬರ್ 30ಕ್ಕೆ. ಆಮೇಲೆ 1997ರಲ್ಲಿ, 2001ರಲ್ಲಿ, 2005ರಲ್ಲಿ ರಿಮಾಸ್ಟರ್ ಆಗಿ, ಅಂದರೆ ಹಳೇ ರೆಕಾರ್ಡಿಂಗಿನ ಸೌಂಡನ್ನು ಹೊಸದಾಗಿ ತಿದ್ದಿ, ಬಂತು. 2012ರಲ್ಲಿ ಡಿಲಕ್ಸ್ ಆವೃತ್ತಿ ಬಂತು. ಹಾಡು ಅವೇ, ಹಾಡಿದವರೂ ಅವರೇ. ಆದರೂ ಒಂದೊಂದನ್ನು ಕೇಳುವಾಗ ಒಂದೊಂದು ಥರ.

ಆ ಕಾಲದಲ್ಲಿ ಪಾಪ್ ಸಿಡಿಗಳನ್ನು ಜೋರು ಮಾಡುವ ಪೈಪೋಟಿಯೇ ನಡೆದಿತ್ತು. ಸಿಡಿಗೆ ಒಂದು ಮಿತಿ ಇದೆ, ಅದನ್ನು ದಾಟಿ ಏನನ್ನೂ ತುಂಬಲಿಕ್ಕೆ ಬರುವುದಿಲ್ಲ. ಹಾಗಾಗಿ ಜೋರಿರುವ ಕಡೆ ಅದುಮುತ್ತಾರೆ, ಆಮೇಲೆ ಇಡೀ ಹಾಡನ್ನು ಮೇಲಕ್ಕೆ ಎತ್ತುತ್ತಾರೆ. ಮೆಲ್ಲಗಿದ್ದದ್ದೂ ಜೋರಾಗುತ್ತದೆ, ಎಲ್ಲಾ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಜೋರಿದ್ದದ್ದೇ ಚೆಂದ ಅಂತ ಕಿವಿಗೆ ಮೊದಲು ಅನಿಸುತ್ತದೆ. ನಿಮಗೆ ಖುಷಿಯಾದದ್ದು ಅದಕ್ಕೇ. ಏರಿಳಿತವೇ ಇಲ್ಲದ ಹಾಡನ್ನು ಅರ್ಧ ಗಂಟೆ ಕೇಳಿದರೆ ದಣಿವಾಗುತ್ತದೆ. ತಲೆ ಭಾರವಾದದ್ದು ಅದಕ್ಕೇ.

ನಮ್ಮಪ್ಪ ಬಳ್ಳಾರಿಯ ಬೆಂಗಳೂರು ರೋಡಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಡೆಕ್ಕಿನ ಮೇಲೆ ಎರಡು ಸೂಜಿ ಕುಣಿಯುತ್ತಿದ್ದವು, ಎಡಕ್ಕೊಂದು, ಬಲಕ್ಕೊಂದು. ರೆಕಾರ್ಡಿಂಗ್ ಹಾಕುವಾಗ ಸೂಜಿ ಕೆಂಪು ಗೆರೆ ಮುಟ್ಟಿತೆಂದರೆ ಅಪ್ಪ ಗಿರಾಕಿಯ ಜೊತೆ ಮಾತಾಡುತ್ತಲೇ ಕೈ ಚಾಚಿ ನಾಬ್ ಇಳಿಸುತ್ತಿದ್ದರು. ‘ಜೋರು ಬೇಕಂದ್ರೆ ಅವರು ಮನೀಗೆ ಹೋಗಿ ಹೆಚ್ಚು ಇಟ್ಕೊಳ್ಳಲಿ, ನಾವ್ಯಾಕೆ ಕೆಡಿಸೋದು’ ಅನ್ನೋರು. ನನಗೆ ಈ ವಿಷಯದಲ್ಲಿ ಅವರೇ ಗುರು.

ನೀವೊಂದು ಕೆಲಸ ಮಾಡಿ. ಹಳೇ ಕ್ಯಾಸೆಟ್ ಇದ್ದರೆ ಅದನ್ನು ಹಾಕಿ, ಹಾಡುವವರ ದನಿ ಮನೆಯಲ್ಲಿ ನಾವು ಮಾತಾಡುವಷ್ಟಿರಲಿ. ಆಮೇಲೆ ಸಿಡಿ ಹಾಕಿ, ದನಿ ಅಷ್ಟೇ ಆಗುವವರೆಗೆ ವಾಲ್ಯೂಮ್ ಇಳಿಸಿ. ಈಗ ಎರಡನ್ನೂ ಹೋಲಿಸಿ. ಮೊದಲನೇ ಹಾಡು, ಅಂದರೆ ‘ದಿ ವಿಸಿಟರ್ಸ್’, ಇದಕ್ಕೆ ತಕ್ಕದ್ದು. ತಂಬೂರಿ ಮೀಟಿದ ಹಾಗೆ ಸಿಂಥಸೈಜರ್ ಒಂದೇ ಶ್ರುತಿ ಹಿಡಿದುಕೊಂಡು ಶುರುವಾಗುತ್ತದೆ. ತಂಡದ ಗಾಯಕಿ ಫ್ರಿಡಾ ದನಿ ಎಲ್ಲೋ ದೂರದಿಂದ ಬಂದಂತೆ ತೆಳ್ಳಗೆ ಬರುತ್ತದೆ. ಸೋವಿಯತ್ ದೇಶದಲ್ಲಿ ಸರ್ಕಾರವನ್ನು ವಿರೋಧಿಸಿದವರ ಮೇಲೆ ಬರೆದ ಹಾಡು ಅದು. ಬಾಗಿಲ ಗಂಟೆ ಬಡಿದರೆ ಸಾಕು, ಒಳಗಿರುವವರು ನಡುಗುತ್ತಾರೆ. ಆಮೇಲೆ ಪಲ್ಲವಿ ಒಮ್ಮೆಲೇ ಸಿಡಿಯುತ್ತದೆ. ಹೆದರಿ ಕೂತ ಆ ಮೊದಲ ಭಾಗ ಮೆಲ್ಲಗೇ ಉಳಿದಿದ್ದರೆ ನಿಮ್ಮ ಕೈಯಲ್ಲಿರುವುದು ಒಳ್ಳೇ ಆವೃತ್ತಿ. ಅದೂ ಪಲ್ಲವಿಯಷ್ಟೇ ಜೋರಾಗಿದ್ದರೆ ಸಿಡಿ ಕಪಾಟಿನಲ್ಲಿರಲಿ. ಮಗನಿಗೆ ಮಾತ್ರ ಹೇಳಬೇಡಿ. ಅಪ್ಪನಿಗೆ ಇಷ್ಟ ಅಂತ ನೆನಪಿಟ್ಟುಕೊಂಡು ತಂದಿದ್ದಾನೆ, ಅದು ದೊಡ್ಡದು.

ಪ್ರಶ್ನೆ: ರಿಮಾಸ್ಟರ್ ಅಂದರೆ ಮತ್ತೆ ಹಾಡಿಸುತ್ತಾರಾ? ಅಥವಾ ಹಳೇ ಹಾಡಿಗೆ ಹೊಸ ವಾದ್ಯ ಸೇರಿಸುತ್ತಾರಾ?
(ಓದುಗರು, ಗಂಗಾವತಿ)

ಉತ್ತರ: ಎರಡೂ ಇಲ್ಲ. ಸ್ಟುಡಿಯೋದಲ್ಲಿ ದನಿ, ಪಿಯಾನೋ, ಡ್ರಮ್ಸ್ ಎಲ್ಲ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರುತ್ತವೆ. ಅವನ್ನು ಹದವಾಗಿ ಕೂಡಿಸಿ ಎಡ, ಬಲ ಎರಡೇ ಟ್ರ್ಯಾಕಿಗೆ ತರುವುದು ಮಿಕ್ಸಿಂಗ್. ಆ ಮಿಕ್ಸನ್ನು ರೆಕಾರ್ಡಿಗೋ ಸಿಡಿಗೋ ಒಪ್ಪುವ ಹಾಗೆ ಕೊನೆಯದಾಗಿ ತಿದ್ದುವುದು ಮಾಸ್ಟರಿಂಗ್. ರಿಮಾಸ್ಟರ್ ಅಂದರೆ ಈ ಕೊನೆಯ ಕೆಲಸವನ್ನಷ್ಟೇ ಮತ್ತೆ ಮಾಡುವುದು. ಗಂಜಿ, ಇಸ್ತ್ರಿ ಹೊಸದು, ಬಟ್ಟೆ ಹಳೇದೇ. ಬೇರೆ ಬೇರೆ ಟ್ರ್ಯಾಕುಗಳ ತನಕ ಹಿಂದಕ್ಕೆ ಹೋದರೆ ಅದು ರಿಮಿಕ್ಸ್.

‘ದಿ ವಿಸಿಟರ್ಸ್’ ವಿಷಯದಲ್ಲಿ ಇನ್ನೊಂದು ಮಾತಿದೆ. ಸ್ಟಾಕ್‌ಹೋಮಿನಲ್ಲಿ ಅಬ್ಬಾದವರದ್ದೇ ಪೋಲಾರ್ ಸ್ಟುಡಿಯೋ ಇತ್ತು. ಈ ಆಲ್ಬಮ್ ಶುರುವಾದದ್ದು ಅಲ್ಲಿನ ಹಳೇ ಅನಲಾಗ್ ಟೇಪಿನ ಮೇಲೆ. ನಡುವೆ 3ಎಂ ಕಂಪನಿಯ 32 ಟ್ರ್ಯಾಕ್ ಡಿಜಿಟಲ್ ಯಂತ್ರ ಬಂತು, ಉಳಿದ ಹಾಡು ಅದರಲ್ಲಿ ಆದವು. ಎಂಜಿನಿಯರ್ ಮೈಕೆಲ್ ಟ್ರೆಟೋ ಮೊದಲಿಂದಲೂ ದನಿಯ ಮೇಲೆ ದನಿ ಹಾಕಿ ದಪ್ಪ ಮಾಡುವುದರಲ್ಲಿ ಪಳಗಿದವರು. ಟೇಪಿನ ವೇಗವನ್ನು ಚೂರೇ ಚೂರು ಬದಲಾಯಿಸಿ ಅದೇ ಹಾಡನ್ನು ಮತ್ತೆ ಹಾಡಿಸಿದರೆ ಇಬ್ಬರು ಹಾಡಿದರೂ ಹತ್ತು ಜನ ಹಾಡಿದಂತೆ ಕೇಳುತ್ತದೆ. 1973ರ ‘ರಿಂಗ್ ರಿಂಗ್’ ಹಾಡಿನಿಂದಲೇ ಅವರು ಈ ಉಪಾಯ ಹಿಡಿದಿದ್ದರು. ಡಿಜಿಟಲ್ ಯಂತ್ರದಲ್ಲಿ ಟೇಪಿನ ಆ ಸುಯ್ ಸದ್ದು ಇಲ್ಲ. ಹಾಗಾಗಿ ಈ ಆಲ್ಬಮ್ಮಿನಲ್ಲಿ ರಿಮಾಸ್ಟರ್ ಮಾಡುವವರು ತೆಗೆಯಬೇಕಾದ ಗಲೀಜೇ ಕಮ್ಮಿ. ನಮ್ಮ ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದ ಸುಯ್ ಸದ್ದು ಬಹುಪಾಲು ಕ್ಯಾಸೆಟ್ಟಿನದ್ದೇ.

ಸಿಡಿ ಅನ್ನುವ ವಸ್ತು ಕಾರ್ಖಾನೆಯಿಂದ ಹೊರಬರಲು ಶುರುವಾದಾಗ ಮೊದಲು ಅಚ್ಚಾದ ಪಾಪ್ ಆಲ್ಬಮ್ ಕೂಡ ಇದೇ. 1982ರ ಆಗಸ್ಟ್ 17, ಜರ್ಮನಿಯ ಹ್ಯಾನೋವರ್ ಪಕ್ಕದ ಪಾಲಿಗ್ರಾಮ್ ಕಾರ್ಖಾನೆ. ಇಂಥದ್ದನ್ನು ಜನ ಮರೆತಿದ್ದಾರಲ್ಲ ಅಂತ ನನಗೆ ಸಂಕಟ.

ಪ್ರಶ್ನೆ: ಅಕ್ಕಾ, ನೀವು ಹೊಗಳಿದ್ದೀರಿ ಅಂತ ಕೇಳಿದೆ. ‘ಡ್ಯಾನ್ಸಿಂಗ್ ಕ್ವೀನ್’ ಮಾಡಿದವರೇನಾ ಇವರು? ಒಂದು ಹಾಡಿಗೂ ಕಾಲು ಏಳಲಿಲ್ಲ. ಇಷ್ಟು ಬೇಜಾರಿನ ಆಲ್ಬಮ್ಮನ್ನು ಯಾಕೆ ಮೇಲೆತ್ತುತ್ತೀರಿ?
(ಓದುಗರು, ಸಿಂಧನೂರು)

ಉತ್ತರ: ಅವರೇ ತಮ್ಮಾ. ‘ಡ್ಯಾನ್ಸಿಂಗ್ ಕ್ವೀನ್’ 1976ರದು. ಐದು ವರ್ಷದಲ್ಲಿ ಆ ಮನೆಗಳಲ್ಲಿ ಏನೇನೋ ಆಗಿಹೋಗಿತ್ತು. ತಂಡದಲ್ಲಿದ್ದದ್ದು ಎರಡು ಜೋಡಿ. ಅಗ್ನೆಥಾ, ಬ್ಯೋರ್ನ್ ಬೇರೆಯಾಗಿದ್ದು 1979ರ ಹೊತ್ತಿಗೇ ಎಲ್ಲರಿಗೂ ಗೊತ್ತಾಗಿತ್ತು. 1981ರ ಫೆಬ್ರವರಿಯಲ್ಲಿ ಫ್ರಿಡಾ, ಬೆನ್ನಿ ಕೂಡ ಬೇರೆಯಾಗುತ್ತೇವೆ ಅಂದರು. ಮಾರ್ಚ್‌ನಲ್ಲಿ ನಾಲ್ವರೂ ಸ್ಟುಡಿಯೋಕ್ಕೆ ಬಂದು ಈ ಆಲ್ಬಮ್ ಶುರು ಮಾಡಿದರು. ಸುಮ್ನೆ ಯೋಚನೆ ಮಾಡಿ. ‘ವೆನ್ ಆಲ್ ಈಸ್ ಸೆಡ್ ಅಂಡ್ ಡನ್’ ಅನ್ನುವುದು ಫ್ರಿಡಾ, ಬೆನ್ನಿ ಬೇರೆಯಾದ ಮೇಲೆ ಬ್ಯೋರ್ನ್ ಬರೆದ ಹಾಡು. ಹಾಡಿದ್ದು ಫ್ರಿಡಾ. ಅದರಲ್ಲಿ ಅಳು ಇಲ್ಲ, ಬೈಗುಳ ಇಲ್ಲ. ತಾಳವೂ ಚುರುಕಾಗಿದೆ. ಆಗಿದ್ದು ಆಯಿತು, ನಾವಿನ್ನೂ ನಡೆಯುತ್ತಿದ್ದೇವೆ ಅನ್ನುವ ಧಾಟಿ. ಅದನ್ನು ಬೇಜಾರಿನ ಹಾಡು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ‘ಸ್ಲಿಪಿಂಗ್ ಥ್ರೂ ಮೈ ಫಿಂಗರ್ಸ್’. ಬೆಳಿಗ್ಗೆ ಮಗಳು ಸ್ಕೂಲ್ ಬ್ಯಾಗ್ ಹಿಡಿದುಕೊಂಡು ಹೊರಟಿದ್ದಾಳೆ, ಕೈ ಬೀಸುತ್ತಾಳೆ, ನಗುತ್ತಾಳೆ. ತಾಯಿ ಕೂತು ನೋಡುತ್ತಾಳೆ. ತಿಂಡಿ ಹೊತ್ತಿನಲ್ಲಿ ತಾನಿನ್ನೂ ಅರೆನಿದ್ದೆಯಲ್ಲಿದ್ದೆ, ಆ ಹೊತ್ತನ್ನೂ ಕಳೆದುಕೊಂಡೆ ಅಂದುಕೊಳ್ಳುತ್ತಾಳೆ. ಕಥೆ ಇಷ್ಟೇ. ಬ್ಯೋರ್ನ್ ಇದನ್ನು ತನ್ನ ಮಗಳು ಲಿಂಡಾ ಶಾಲೆಗೆ ಹೋಗುವುದನ್ನು ನೋಡಿ ಬರೆದದ್ದು. ಹಾಡಿದ್ದು ಲಿಂಡಾಳ ತಾಯಿ ಅಗ್ನೆಥಾ. ಅಪ್ಪ ಅಮ್ಮ ಬೇರೆಯಾಗಿ ಎರಡು ವರ್ಷದ ಮೇಲಾಗಿತ್ತು. ಪಲ್ಲವಿಗೆ ಬರುವ ಮೊದಲು ಅಗ್ನೆಥಾ ಒಂದು ಉಸಿರು ತೆಗೆದುಕೊಳ್ಳುತ್ತಾರೆ. ಒಳ್ಳೇ ಆವೃತ್ತಿಯಲ್ಲಿ ಆ ಉಸಿರಿನ ಸುತ್ತ ಜಾಗ ಇರುತ್ತದೆ. ಅದುಮಿದ್ದರಲ್ಲಿ ಉಸಿರೂ ಮಾತಿನಷ್ಟೇ ಜೋರಾಗಿ ಮುಖಕ್ಕೆ ರಾಚುತ್ತದೆ. ನನ್ನ ಮಗಳನ್ನು ಧಾರವಾಡದ ಹಾಸ್ಟೆಲ್ಲಿಗೆ ಬಿಟ್ಟು ಬಂದ ವರ್ಷ ಈ ಹಾಡನ್ನು ನಾನು ಹಾಕಲೇ ಇಲ್ಲ. ಈಗ ಹಾಕುತ್ತೇನೆ. ನಿಮಗೂ ಮಕ್ಕಳಾಗಿ ಅವರು ಶಾಲೆಗೆ ಹೊರಟಾಗ ಇನ್ನೊಮ್ಮೆ ಕೇಳಿ, ಆಮೇಲೆ ಬರೆಯಿರಿ.

ಎಲ್ಲ ಹಾಡೂ ಚಿನ್ನ ಅಂತ ನಾನು ಹೇಳುವುದಿಲ್ಲ. ‘ಟೂ ಫಾರ್ ದ ಪ್ರೈಸ್ ಆಫ್ ಒನ್’ ನನಗೆ ಹಿಡಿಸಿಲ್ಲ. ಸಂಗಾತಿ ಬೇಕು ಅನ್ನುವ ಜಾಹೀರಾತಿನ ಮೇಲೆ ಒಂದು ತಮಾಷೆ, ಅಷ್ಟೇ. ‘ಒನ್ ಆಫ್ ಅಸ್’ ಮತ್ತು ‘ಸ್ಲಿಪಿಂಗ್’ ನಡುವೆ ಅದು ಬೇಡವಾಗಿತ್ತು. ‘ಸೋಲ್ಜರ್ಸ್’ ಮಾತ್ರ ಯಾರ ಕಿವಿಗೂ ಸರಿಯಾಗಿ ಬೀಳದ ಒಳ್ಳೇ ಹಾಡು, ಡ್ರಮ್ಸ್ ನಡೆ ಗಮನಿಸಿ.

ಆಗಿನ ಜನಕ್ಕೂ ನಿಮ್ಮ ಹಾಗೇ ಅನಿಸಿರಬೇಕು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ‘ಒನ್ ಆಫ್ ಅಸ್’ 3ನೇ ಸ್ಥಾನಕ್ಕೆ ಏರಿತು, ಮುಂದಿನ ‘ಹೆಡ್ ಓವರ್ ಹೀಲ್ಸ್’ 25ಕ್ಕೇ ನಿಂತುಬಿಟ್ಟಿತು. ಆಲ್ಬಮ್ಮಿನ ರಟ್ಟು ನೋಡಿದ್ದೀರಾ? ಕತ್ತಲೆಯಂಥ ದೊಡ್ಡ ಕೋಣೆ, ಹಿಂದೆ ಗೋಡೆ ತುಂಬ ಒಂದು ಚಿತ್ರ, ನಾಲ್ವರೂ ಒಬ್ಬರಿಂದೊಬ್ಬರು ದೂರ. ಅದರ ನಂತರದ ಸ್ಟುಡಿಯೋ ಆಲ್ಬಮ್ ‘ವಾಯೇಜ್’ ಬಂದದ್ದು 2021ರಲ್ಲಿ. ನಲವತ್ತು ವರ್ಷ ಇದೇ ಅವರ ಕೊನೆಯ ಮಾತಾಗಿ ಉಳಿದಿತ್ತು. ಕುಣಿಯಲಿಕ್ಕೆ ಬೇರೆ ಆಲ್ಬಮ್‌ಗಳಿವೆ ತಮ್ಮಾ, ಇದನ್ನು ಕೂತು ಕೇಳಿ.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಯೂನಿಟ್. ದಿನವಿಡೀ ಮಷೀನ್ ಸದ್ದು. ಫೋನಿನಲ್ಲಿ, ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುವವರಿಗೆ ಯಾವ ಆವೃತ್ತಿ ಅಂತ ವ್ಯತ್ಯಾಸ ಇದೆಯಾ?
(ಓದುಗರು, ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಮಷೀನ್ ಓಡುವಾಗ ಜೋರು ಮಾಡಿದ ಆವೃತ್ತಿಯೇ ವಾಸಿ. ಮೆಲ್ಲಗಿನ ಭಾಗ ಆ ಸದ್ದಿನಲ್ಲಿ ಮುಳುಗಿ ಹೋಗುತ್ತದೆ. ರಾತ್ರಿ ಮನೆಗೆ ಹೋದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹಾಡಿನ ಆ್ಯಪ್ ಸೆಟ್ಟಿಂಗಿನಲ್ಲಿ ಎಲ್ಲ ಹಾಡಿನ ಸೌಂಡನ್ನು ಒಂದೇ ಮಟ್ಟಕ್ಕೆ ತರುವ ಒಂದು ಆಯ್ಕೆ ಇರುತ್ತದೆ, ನಾರ್ಮಲೈಸೇಷನ್ ಅಂತ. ಅದನ್ನು ಆನ್ ಮಾಡಿಡಿ. ಅದು ಹಾಡಿನ ಒಳಗಿನ ಏರಿಳಿತ ಮುಟ್ಟುವುದಿಲ್ಲ, ಒಂದು ಆಲ್ಬಮ್‌ಗೂ ಇನ್ನೊಂದಕ್ಕೂ ಇರುವ ವಾಲ್ಯೂಮ್ ಅಂತರವನ್ನಷ್ಟೇ ಸರಿ ಮಾಡುತ್ತದೆ. ಆಗ ಬರೀ ಜೋರಿನಿಂದ ಗೆಲ್ಲುತ್ತಿದ್ದ ಆವೃತ್ತಿಯ ಬಣ್ಣ ಬಯಲಾಗುತ್ತದೆ.

ಪ್ರಶ್ನೆ: ಅಪ್ಪಾಜಿಯ ಪೆಟ್ಟಿಗೆಯಲ್ಲಿ ಈ ಆಲ್ಬಮ್ಮಿನ ಕ್ಯಾಸೆಟ್ ಸಿಕ್ಕಿತು. ಹಾಕಿದರೆ ದನಿ ಮಂಕಾಗಿ ಬರುತ್ತದೆ, ಆಗಾಗ ಎಳೆಯುತ್ತದೆ. ಹೊಸ ಸಿಡಿ ತಗೊಂಡು ಇದನ್ನು ಎಸೆಯಲಾ?
(ಓದುಗರು, ಕೊಪ್ಪಳ)

ಉತ್ತರ: ಎಸೆಯಬೇಡಮ್ಮಾ. ದನಿ ಮಂಕಾದರೆ ಅರ್ಧ ಪಾಲು ತಪ್ಪು ಹೆಡ್ಡಿನದ್ದು, ಅಂದರೆ ಮೆಷೀನಿನಲ್ಲಿ ಟೇಪ್ ತಾಗುವ ಲೋಹದ ತುಂಡಿನದ್ದು. ನಮ್ಮ ಕಡೆ ಧೂಳು ಗೊತ್ತಲ್ಲ. ಕಿವಿ ಕಡ್ಡಿಗೆ ಐಸೊಪ್ರೊಪೈಲ್ ಸ್ಪಿರಿಟ್ ಹಚ್ಚಿ ಹೆಡ್ಡನ್ನು ಮೆಲ್ಲಗೆ ಒರೆಸು. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಬಿಳಿಯಾಗಿ ಉಳಿಯುವವರೆಗೂ ಹೊಸ ಕಡ್ಡಿ ತಗೊಂಡು ಒರೆಸು. ರಬ್ಬರ್ ರೋಲರಿಗೆ ಒದ್ದೆ ಬಟ್ಟೆ ಸಾಕು.

ಎಳೆಯುತ್ತಿದ್ದರೆ ಕ್ಯಾಸೆಟ್ಟನ್ನು ಪ್ಲೇ ಮಾಡದೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸು. ಟೇಪಿನ ಸುತ್ತು ಸಡಿಲವಾಗುತ್ತದೆ. ಟೇಪಿನ ಹಿಂದೆ ಒಂದು ಚಿಕ್ಕ ತಗಡಿನ ಮೇಲೆ ಬಟ್ಟೆಯ ತುಂಡು ಅಂಟಿಸಿರುತ್ತಾರೆ. ಅದು ಉದುರಿದ್ದರೆ ಟೇಪು ಹೆಡ್ಡಿಗೆ ಒತ್ತಿಕೊಳ್ಳುವುದಿಲ್ಲ, ಆಗಲೂ ದನಿ ಮಂಕು. ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಬಿಚ್ಚಿ, ಸುರುಳಿಗಳನ್ನು ಅದರೊಳಗೆ ಕೂರಿಸಬಹುದು. ಟೇಪನ್ನು ಬೆರಳಿನಿಂದ ಮುಟ್ಟಬೇಡ. ಬಿಳಿ ಬೂಷ್ಟು ಕಂಡರೆ ಮಾತ್ರ ಮೆಷೀನಿಗೆ ಹಾಕಲೇಬೇಡ, ಹೆಡ್ಡೂ ಹಾಳಾಗುತ್ತದೆ, ಉಳಿದ ಕ್ಯಾಸೆಟ್ಟಿಗೂ ಅಂಟುತ್ತದೆ.

ಸರಿಯಾಗಿ ಓಡಿದ ಮೇಲೆ ಕಂಪ್ಯೂಟರಿಗೆ ಒಂದು ಕಾಪಿ ಮಾಡಿಟ್ಟುಕೋ. ಲೆವೆಲ್ ಕೆಂಪಿಗೆ ಹೋಗದಿರಲಿ. ಸುಯ್ ಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕಲು ಹೋಗಬೇಡ, ಅದು ದನಿಯ ತುದಿಯನ್ನೂ ತಿಂದುಬಿಡುತ್ತದೆ. ಸಿಡಿಯನ್ನೂ ತಗೋ. ಅದು ಹಾಡಿಗೆ, ಕ್ಯಾಸೆಟ್ ಅಪ್ಪಾಜಿಯದ್ದು.

ಪ್ರಶ್ನೆ: 2012ರ ಡಿಲಕ್ಸ್ ಆವೃತ್ತಿಗೆ ದುಡ್ಡು ಹಾಕಬಹುದಾ? ಒಂಬತ್ತು ಹಾಡಿನ ಆಲ್ಬಮ್‌ಗೆ ಅಷ್ಟೊಂದು ಬೋನಸ್ ಯಾಕೆ?
(ಓದುಗರು, ಮಾನ್ವಿ)

ಉತ್ತರ: ಹಾಕಿ. ‘ಫ್ರಮ್ ಅ ಟ್ವಿಂಕ್ಲಿಂಗ್ ಸ್ಟಾರ್ ಟು ಅ ಪಾಸಿಂಗ್ ಏಂಜೆಲ್’ ಅನ್ನುವುದೊಂದಕ್ಕೇ ಹಾಕಬಹುದು. ಆಲ್ಬಮ್ಮಿನ ಕೊನೆಯ ಹಾಡು ‘ಲೈಕ್ ಆ್ಯನ್ ಏಂಜೆಲ್ ಪಾಸಿಂಗ್ ಥ್ರೂ ಮೈ ರೂಮ್’ ಗೊತ್ತಲ್ಲ, ಗಡಿಯಾರದ ಟಿಕ್ ಟಿಕ್, ಫ್ರಿಡಾ ಒಬ್ಬರದೇ ದನಿ. ಅದನ್ನು ಮಾಡುವಾಗ ಅವರು ಪ್ರಯತ್ನಿಸಿದ ಬೇರೆ ಬೇರೆ ರೂಪಗಳನ್ನು ಒಂದಾದ ಮೇಲೊಂದು ಪೋಣಿಸಿದ್ದಾರೆ. ಡಿಸ್ಕೋ ತಾಳಕ್ಕೂ ಹಾಕಿ ನೋಡಿದ್ದಾರೆ! ಇಷ್ಟೆಲ್ಲ ಮಾಡಿ, ಎಲ್ಲ ಕಳಚಿ, ಕೊನೆಗೆ ಒಂದು ದನಿ, ಒಂದು ಗಡಿಯಾರಕ್ಕೆ ಬಂದು ನಿಂತರು. ಪಾಪ್ ಹಾಡು ಹೇಗೆ ಕಟ್ಟುತ್ತಾರೆ ಅಂತ ಕಲಿಯುವವರು ಇದನ್ನು ಕೇಳಲೇಬೇಕು.

ಬೋನಸ್ ಹಾಡುಗಳನ್ನು ಒಂಬತ್ತರ ಬೆನ್ನಿಗೇ ಕೇಳಬೇಡಿ. ಕೊನೆಯ ಹಾಡಿಗೆ ಆಲ್ಬಮ್ ಮುಗಿಯಿತು ಅಂತ ಸಿಡಿ ನಿಲ್ಲಿಸಿ. ಉಳಿದದ್ದನ್ನು ಇನ್ನೊಂದು ದಿನ ಹಾಕಿ, ಅದರಲ್ಲೂ ಮೊದಲು ‘ದಿ ಡೇ ಬಿಫೋರ್ ಯೂ ಕೇಮ್’. 1982ರಲ್ಲಿ ಮಾಡಿದ್ದು. ಒಬ್ಬ ಹೆಂಗಸು ಆಫೀಸಿಗೆ ಹೋಗಿ ಬಂದ ಒಂದು ಮಾಮೂಲಿ ದಿನವನ್ನು ಅಗ್ನೆಥಾ ಗಂಟೆ ಗಂಟೆಗೂ ಲೆಕ್ಕ ಕೊಟ್ಟಂತೆ ಹಾಡುತ್ತಾರೆ. ಹಿಂದೆ ಫ್ರಿಡಾ ದನಿ ಬರುತ್ತದೆ, ಒಂದು ಮಾತೂ ಇಲ್ಲದೆ. ಅದರ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ, ಬರೆಯಲು ನನಗೆ ಬೇಕಾದಷ್ಟಿದೆ.